ಅಂಗೈ ಅಗಲದ ಸಂದು

ಆ ಸಂದು ಅಂಗೈ ಅಗಲವಿತ್ತು, ಅಷ್ಟೇ. ಬಚ್ಚಲಿನಲ್ಲಿ ಶವರಿನ ಪಕ್ಕಕ್ಕೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಟೈಲ್ಸು ಇಲ್ಲದ ಒಂದು ಪಟ್ಟಿ. ಒಳಗೆ ಒಡೆದ ಗಾರೆ, ಕಲ್ಲಿನ ಚೂರು, ಯಾವಾಗ ನೋಡಿದರೂ ಒಂದಿಷ್ಟು ನಿಂತ ನೀರು. ಕಾಲು ಗಟ್ಟಿಯಿರುವ ಮನುಷ್ಯ ಅದನ್ನು ಗಮನಿಸದೆಯೇ ದಾಟಿ ಹೋಗುತ್ತಾನೆ. ಟೇಪಕ್ಕ ಮಾತ್ರ ದಾಟುವಂತಿರಲಿಲ್ಲ. ಅವಳ ಪಾಲಿಗೆ ಅದು ತುಂಬಿದ ಹೊಳೆಯೇ ಆಗಿತ್ತು.

ಕೊರಳಲ್ಲಿ ಸದಾ ಅಳತೆಯ ಟೇಪು ತೂಗುತ್ತಿದ್ದುದರಿಂದ ಬೀದಿಯವರು ಅವಳನ್ನು ಟೇಪಕ್ಕ ಎಂದು ಕರೆಯುತ್ತಿದ್ದರು. ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಬೀದಿಯ ಅರ್ಧ ಜನರ ಎದೆ, ಸೊಂಟ, ತೋಳಿನ ಅಳತೆ ಅವಳಿಗೆ ಬಾಯಿಪಾಠ. ಯಾರಿಗೆ ಯಾವ ಭುಜ ಇಳಿದಿದೆ, ಯಾರ ಬೆನ್ನಿನಲ್ಲಿ ಗಂಟಿದೆ, ಯಾರು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ ಎಂಬುದೆಲ್ಲ ಗೊತ್ತು. ಆದರೆ ಒಬ್ಬರ ಮೈಯ ಗುಟ್ಟನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಮೈ ಅವರವರದು, ಬಟ್ಟೆ ಮಾತ್ರ ನನ್ನದು ಅನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಶವರಿನ ಸುತ್ತ ಕಟ್ಟಿದ್ದ ಗೇಣೆತ್ತರದ ಕಟ್ಟೆ ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಲೋಹದ ಕೀಲು ಕೂತಿತು. ಡಾಕ್ಟರು ಮನೆಯೊಳಗೆ ವಾಕರ್ ಹಿಡಿದು ನಡೆಯಬಹುದೆಂದರು, ಸ್ನಾನಕ್ಕೆ ಮಾತ್ರ ಸಣ್ಣ ಚಕ್ರಗಳ ಕುರ್ಚಿ ಬಳಸಿರೆಂದರು. ಕುರ್ಚಿಗೆ ಅಡ್ಡವಾಗುತ್ತದೆ ಎಂದು ತಮ್ಮನೇ ಮೇಸ್ತ್ರಿಯನ್ನು ಕರೆಸಿ ಕಟ್ಟೆ ಒಡೆಸಿದ. ಮೇಸ್ತ್ರಿ ಕಟ್ಟೆ ಒಡೆದು, ಮಣ್ಣು ಹೊತ್ತು ಹಾಕಿ, "ಈ ಬಣ್ಣದ ಟೈಲ್ಸು ಈಗ ಬರೋದಿಲ್ಲ, ಹುಡುಕಿ ತರ್ತೀನಿ" ಎಂದು ಹೋದವನು ಹೋದ. ಕಟ್ಟೆ ಇದ್ದ ಜಾಗದಲ್ಲಿ ಉಳಿದದ್ದೇ ಈ ಸಂದು.

ಕುರ್ಚಿಯ ಮುಂದಿನ ಚಕ್ರ ಅದರೊಳಗೆ ಕೂತರೆ ಹಂದಾಡುತ್ತಿರಲಿಲ್ಲ. ಮೇಲೊಂದು ಹಲಗೆ ಹಾಕಿ ನೋಡಿದರು. ಹಲಗೆ ಒದ್ದೆಯಾಗಿ ಜಾರಿತು, ತಮ್ಮ ಅದನ್ನು ಎತ್ತಿ ಹೊರಗೆ ಬಿಸಾಡಿದ. ಹೀಗಾಗಿ ದಿನವೂ ತಮ್ಮನ ಹೆಂಡತಿ ಬಂದು ಕುರ್ಚಿಯನ್ನು ಎತ್ತಿ ಸಂದು ದಾಟಿಸಬೇಕು, ಮತ್ತೆ ಎತ್ತಿ ಈಚೆ ತರಬೇಕು. ದಾಟಿಸಿದವಳು ನಡುವೆ ಹೊರಗೆ ಹೋಗಿ ಏನು ಮಾಡಿಯಾಳು? "ಹೇಗೂ ಇದ್ದೀನಲ್ಲ ಅತ್ತಿಗೆ" ಎಂದು ತಲೆಗೆ ನೀರು ಹಾಕಿದಳು, ಬೆನ್ನು ತಿಕ್ಕಿದಳು, ಕೊನೆಗೆ ಎಲ್ಲವನ್ನೂ ತಿಕ್ಕಿದಳು. ಪಾಪ, ಕೈ ಮೃದು, ಮನಸ್ಸು ಬೆಣ್ಣೆ. ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರದು. ಟೇಪಕ್ಕ ಕಣ್ಣು ಮುಚ್ಚಿ, ಮೊಣಕಾಲು ಒತ್ತಿಕೊಂಡು, ಯಾವಾಗ ಮುಗಿದೀತು ಎಂದು ಕೂತಿರುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಬಾಗಿಲು ಮುಚ್ಚಿಕೊಂಡು ಒಬ್ಬಳೇ ಸ್ನಾನ ಮಾಡಬೇಕು. ಕೈ ಗಟ್ಟಿಯಿತ್ತು, ಒಂದು ಕಾಲು ನೆಲ ಒತ್ತಿ ಕುರ್ಚಿ ತಳ್ಳುವಷ್ಟು ಗಟ್ಟಿಯಿತ್ತು, ಗೋಡೆಗೆ ಹಿಡಿಕೆ ಹಾಕಿಸಿಯಾಗಿತ್ತು. ಅಡ್ಡ ಇದ್ದದ್ದು ಆ ಸಂದೊಂದೇ.

"ಮೇಸ್ತ್ರಿಗೆ ಫೋನ್ ಮಾಡಿದ್ಯೇನೋ?" ಎಂದು ತಮ್ಮನನ್ನು ಕೇಳಿದರೆ, "ಎತ್ತೋದೇ ಇಲ್ಲ ಅಕ್ಕ, ಏನ್ ಮಾಡ್ಲಿ" ಅನ್ನುತ್ತಿದ್ದ. ಅವನು ಬಸ್ ಡಿಪೋದಲ್ಲಿ ಬ್ರೇಕು ನೋಡುವ ಮೆಕ್ಯಾನಿಕ್ಕು. ಜೀವಮಾನವೆಲ್ಲ ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಹುಡುಕಿ ಹುಡುಕಿ, ಮನೆಯಲ್ಲೂ ಅವನಿಗೆ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಇಷ್ಟ. "ಅವಸರ ಏನೀಗ? ನಾವಿದ್ದೀವಲ್ಲ" ಎಂಬುದು ಅವನ ಕಡೆಯ ಮಾತು. ನಾವಿದ್ದೀವಲ್ಲ ಎಂಬ ಮಾತಿಗೆ ಎದುರು ಹೇಳುವುದು ಎಷ್ಟು ಕಷ್ಟ ಎಂದು ಹಾಸಿಗೆ ಹಿಡಿದವರನ್ನು ಕೇಳಿ ನೋಡಿ.

ಒಂದು ಮಧ್ಯಾಹ್ನ ಟೇಪಕ್ಕ ಕಿಟಕಿಯ ಪಕ್ಕದಲ್ಲಿ ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಹೊರಗೆ ತಮ್ಮನ ಹೆಂಡತಿ ಪಕ್ಕದ ಮನೆಯವಳ ಜೊತೆ ಬಟ್ಟೆ ಒಣಹಾಕುತ್ತಾ ಮಾತಿಗಿಳಿದಿದ್ದಳು.

"ಮೊದಮೊದಲು ನಾಚ್ಕೋತಿದ್ರು ಪಾಪ. ಈಗ ಮಗು ಥರ. ಕೈ ಎತ್ತಿ ಅಂದ್ರೆ ಎತ್ತುತ್ತಾರೆ, ತಿರುಗಿ ಅಂದ್ರೆ ತಿರುಗ್ತಾರೆ. ತೊಡೆ ನೋಡ್ಬೇಕು ನೀವು, ಕಡ್ಡಿ ಆಗೋಗಿದೆ, ಆ ಆಪರೇಷನ್ ಗಾಯ ಹೀಗೆ ಉದ್ದಕ್ಕೆ..."

ಟೇಪಕ್ಕನ ಸೂಜಿ ಬೆರಳಿಗೆ ಚುಚ್ಚಿತು. ಆ ಮಾತಿನಲ್ಲಿ ವಿಷವಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ವಿಷವಿದ್ದಿದ್ದರೆ ಒಳ್ಳೆಯದಿತ್ತು, ಜಗಳವಾಡಬಹುದಿತ್ತು. ಇದು ಕನಿಕರ. ಊರ ಮೈಯನ್ನೆಲ್ಲ ಬಾಯಿ ಬಿಡದೆ ಕಾಪಾಡಿದವಳ ಮೈ ಈಗ ಬಟ್ಟೆಯ ಹಗ್ಗದ ಮೇಲೆ ತೂಗುತ್ತಿತ್ತು. ಅವಳು ಕೋಟನ್ನು ಕೆಳಗಿಟ್ಟು, ಫೋನು ತೆಗೆದುಕೊಂಡು, ತಾನೇ ಮೇಸ್ತ್ರಿಗೆ ಮಾಡಿದಳು. ಎರಡನೆಯ ರಿಂಗಿಗೇ ಅವನು ಎತ್ತಿದ.

"ಏನಪ್ಪಾ, ನಮ್ಮ ಬಚ್ಚಲಿನ ಸಂದು ನಿನಗೆ ನೆನಪಿದ್ಯೋ ಇಲ್ವೋ?"

"ಅಯ್ಯೋ, ಅಕ್ಕಾವ್ರೇ, ನಾನು ಅವತ್ತೇ ಟೈಲ್ಸು ನೋಡಿಟ್ಟಿದ್ದೆ. ನಿಮ್ಮ ತಮ್ಮನೇ ಅಲ್ವಾ ಸದ್ಯಕ್ಕೆ ಬೇಡ, ಬೇಕಾದಾಗ ನಾನೇ ಹೇಳ್ತೀನಿ ಅಂದಿದ್ದು?"

ಟೇಪಕ್ಕ ಚುಚ್ಚಿಕೊಂಡ ಬೆರಳನ್ನು ಸೆರಗಿಗೆ ಒರೆಸಿದಳು. ಆಮೇಲೆ ಹೇಳಿದಳು: "ಈಗ ನಾನು ಹೇಳ್ತಿದ್ದೀನಿ. ಬಾ."

"ಅವರು ಹೇಳದೆ ಹೇಗೆ ಬರ್ಲಿ? ಮನೆ ಯಜಮಾನ್ರು ಅವರು. ನೀವಿಬ್ರೂ ಮಾತಾಡ್ಕೊಳ್ಳಿ ಅಕ್ಕಾವ್ರೇ."

ಫೋನು ಇಟ್ಟ ಮೇಲೆ ಅವಳಿಗೆ ಮೊದಲು ಬಂದದ್ದು ಅಳು, ಅದರ ಹಿಂದೆಯೇ ಬಂದದ್ದು ಸಿಟ್ಟು. ಸಿಟ್ಟು ಅಳುವನ್ನು ನೂಕಿಕೊಂಡು ಮುಂದೆ ಬಂತು. ಮೇಸ್ತ್ರಿ ಬರುವುದಿಲ್ಲವೆಂದಲ್ಲ, ಬರದ ಹಾಗೆ ಮಾಡಲಾಗಿದೆ. ಮಾಡಿದವನು ದಿನಾ ಎದುರು ಕೂತು ಊಟ ಮಾಡುವವನು, ಫೋನ್ ಎತ್ತೋದಿಲ್ಲ ಅಕ್ಕ ಎಂದು ಮುಖ ಸಪ್ಪಗೆ ಮಾಡುವವನು. ಆಗಲಿ, ಯಜಮಾನರು ಹೇಳದಿದ್ದರೆ ಮೇಸ್ತ್ರಿ ಬರುವುದಿಲ್ಲ. ಟೇಪಕ್ಕ ತಾನೇ ಕೆಲಸಕ್ಕಿಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಸಂಜೆಯೊಳಗೆ ಅವಳು ತಮ್ಮನ ಹೆಂಡತಿಯನ್ನು ಕರೆದು ಎದುರು ಕೂರಿಸಿಕೊಂಡಳು.

"ನೀನು ಪಕ್ಕದ ಮನೆಯವಳ ಹತ್ರ ಹೇಳಿದ್ದು ಕೇಳಿಸ್ತು ಕಣೇ. ನನ್ನ ತೊಡೆ ಕಡ್ಡಿ ಆಗಿರೋದು."

ಅವಳ ಮುಖ ಕೆಂಪಾಯಿತು. ಸೆರಗಿನ ತುದಿ ತಿರುಚಿದಳು. ಆಮೇಲೆ ಏನನ್ನಿಸಿತೋ, ತಲೆಯೆತ್ತಿ ಹೇಳಿಯೇ ಬಿಟ್ಟಳು. "ತಪ್ಪಾಯ್ತು ಅತ್ತಿಗೆ. ಆದ್ರೆ ಕೇಳಿಸ್ಕೊಂಡ ಮೇಲೆ ಪೂರ್ತಿ ಕೇಳಿಸ್ಕೋಬೇಕಿತ್ತು. ಕುರ್ಚಿ ಎತ್ತಿ ಎತ್ತಿ ನನ್ನ ಸೊಂಟ ಬಿದ್ದೋಯ್ತು ಅಂತಲೂ ಹೇಳ್ದೆ. ನಿಮ್ಮದು ಮುರೀತು ಅಂತ ಎಲ್ರೂ ನೋಡೋಕೆ ಬಂದ್ರು, ನನ್ನದು ಯಾರಿಗೂ ಕಾಣಲ್ಲ."

ಟೇಪಕ್ಕನಿಗೆ ನಗು ಬಂತು. ಬೇಡ ಬೇಡವೆಂದರೂ ಬಂತು. "ಹಾಗಾದ್ರೆ ಇಬ್ಬರ ಸೊಂಟಕ್ಕೂ ಒಂದೇ ಔಷಧಿ. ಆ ಸಂದನ್ನ ನಾವೇ ತುಂಬೋಣ."

"ನಾವಾ? ನಂಗೆ ಮಣ್ಣು ಕಲಸೋಕೂ ಬರಲ್ಲ."

"ಹಿಟ್ಟು ಕಲಸೋಕೆ ಬರುತ್ತಲ್ಲ. ಸಾಕು."

"ಅವರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಾನೇ ಮಾಡ್ತಿರೋದು."

ಟೇಪಕ್ಕ ತನಗೆ ಗೊತ್ತಿದ್ದ ರೀತಿಯಲ್ಲೇ ಶುರುಮಾಡಿದಳು. ಬೇರೆ ರೀತಿ ಅವಳಿಗೆಲ್ಲಿ ಗೊತ್ತಿತ್ತು? ಹಳೆಯ ಪತ್ರಿಕೆ ತರಿಸಿ, ಸಂದಿನ ಮೇಲೆ ಹಾಸಿಸಿ, ಅಂಚು ಒತ್ತಿಸಿ ಗುರುತು ತೆಗೆಸಿದಳು. ಒಡೆದ ಅಂಚು ನೇರವಿರಲಿಲ್ಲ, ಒಂದು ಕಡೆ ಕೊಂಚ ಅಗಲ, ಇನ್ನೊಂದು ಕಡೆ ಕಿರಿದು. ಪರವಾಗಿಲ್ಲ, ಜನರ ಭುಜವೂ ಹಾಗೇ ಇರುತ್ತದೆ. ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಯಿಂದ ಕಾಗದದ ಪಟ್ಟಿಗಳನ್ನು ಕತ್ತರಿಸಿದಳು. ಎಷ್ಟು ವರ್ಷಗಳ ಕೈ ಅದು, ಕಣ್ಣು ಬೇರೆ ಕಡೆ ನೋಡುತ್ತಿದ್ದರೂ ಕತ್ತರಿ ದಾರಿ ತಪ್ಪುತ್ತಿರಲಿಲ್ಲ.

ಬಣ್ಣದ ವಿಚಾರ ಬಂತು. ಬಚ್ಚಲಿನ ನೆಲ ಬಿಸ್ಕತ್ತಿನ ಬಣ್ಣ. "ಹತ್ತಿರ ಹತ್ತಿರ ಇರೋ ಬಣ್ಣ ತರ್ತೀನಿ" ಎಂದಳು ತಮ್ಮನ ಹೆಂಡತಿ.

"ಬೇಡ. ಹೊಂದದ ತೇಪೆಯನ್ನ ಹೊಂದಿದ ಹಾಗೆ ಹಾಕೋದು ಕಳ್ಳತನ. ಎದ್ದು ಕಾಣಲಿ. ಕಡುನೀಲಿ ತಾ. ನುಣುಪು ಬೇಡ, ಮೆಟ್ಟಿಲಿಗೆ ಹಾಕ್ತಾರಲ್ಲ, ಕಾಲಿಗೆ ತರಿತರಿ ಸಿಗೋದು, ಅದು."

ಮರುದಿನ ತಮ್ಮನ ಹೆಂಡತಿ ಟೈಲ್ಸ್ ಅಂಗಡಿಗೆ ಹೋಗಿ, ಕಾಗದದ ಅಳತೆಗೆ ನೀಲಿ ಟೈಲ್ಸು ಮೆಷೀನಿನಲ್ಲಿ ಕತ್ತರಿಸಿಕೊಂಡು, ಅಂಟಿಸುವ ಪುಡಿ, ಸಂದು ತುಂಬುವ ಪುಡಿ, ಒಂದು ಕರಣೆ, ಒಂದು ಉಳಿ ಎಲ್ಲ ಹೊತ್ತು ತಂದಳು. ತಂದದ್ದನ್ನು ಸಂದಿನ ಮೇಲೆ ಇಟ್ಟು ನೋಡಿದರೆ ಒಂದೂ ಒಳಗೆ ಇಳಿಯಲಿಲ್ಲ. ಪ್ರತಿಯೊಂದು ತುಂಡೂ ಎರಡೂ ಕಡೆ ಅರ್ಧ ಬೆರಳು ದೊಡ್ಡದು. ಅಂಗಡಿಯವನೇ ತಪ್ಪು ಮಾಡಿದ್ದಾನೆ ಎಂದು ಟೇಪಕ್ಕ ಕಾಗದ ಇಟ್ಟು ನೋಡಿದಳು. ಟೈಲ್ಸು ಕಾಗದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಕಾಗದವೇ ದೊಡ್ಡದು.

ಆಗ ಅವಳಿಗೆ ಹೊಳೆಯಿತು. ಗೆರೆ ಬಿಟ್ಟು ಅರ್ಧ ಬೆರಳು ಹೊರಗೆ ಕತ್ತರಿಸಿದ್ದಳು. ಹೊಲಿಗೆಗೆಂದು ಅಂಚು ಬಿಟ್ಟಿದ್ದಳು. ಯಾವ ಬಟ್ಟೆಗಾದರೂ ಬಿಡಲೇಬೇಕಲ್ಲ, ಒಳಗೆ ಮಡಚಿ ಹೊಲಿಯುವುದಕ್ಕೆ. ಟೈಲ್ಸಿಗೂ ಬಿಟ್ಟಿದ್ದಳು.

"ಮಡಚೋಕಾಗುತ್ತಾ ಅತ್ತಿಗೆ?" ಎಂದು ತಮ್ಮನ ಹೆಂಡತಿ ಒಂದು ತುಂಡನ್ನು ಕೈಯಲ್ಲಿ ಹಿಡಿದು ತುಂಬಾ ವಿನಯದಿಂದ ಕೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದ ಹಾಗೆಯೇ ಬಚ್ಚಲಿನ ಬಾಗಿಲಲ್ಲಿ ತಮ್ಮ ಬಂದು ನಿಂತಿದ್ದ. ಡಿಪೋದ ಗ್ರೀಸು ಇನ್ನೂ ಕೈಗೆ ಅಂಟಿತ್ತು.

ಅವನು ಉಳಿ ನೋಡಿದ, ಪುಡಿಯ ಚೀಲ ನೋಡಿದ, ಸಂದಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ ನೀಲಿ ತುಂಡುಗಳನ್ನು ನೋಡಿದ.

"ನೋಡಿದ್ಯಾ? ಎಲ್ಲಾದಕ್ಕೂ ಬರೋರು ಬೇಕು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕೇ ಇದೆ ಕಣೋ. ಡೊಂಕಾಗೇ ಇರಲಿ ಅಂತ ಹೇಳಿದ್ದು ನೀನು."

"ನಾನಾ? ಮೇಸ್ತ್ರಿ ಫೋನೇ..."

"ಎರಡನೇ ರಿಂಗಿಗೇ ಎತ್ತಿದ."

ತಮ್ಮನ ಹೆಂಡತಿ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಅವಳಿಗೂ ಅದು ಹೊಸ ಸುದ್ದಿ. "ರೀ, ನೀವೇ ಬೇಡ ಅಂದ್ರಾ? ದಿನಾ ನಾನು ಕುರ್ಚಿ ಎತ್ತುತ್ತಿದ್ದೀನಿ, ನೀವೇ ಬೇಡ ಅಂದ್ರಾ?"

ತಮ್ಮ ಗೋಡೆಗೆ ಒರಗಿದ. ಬಹಳ ಹೊತ್ತು ಬೆರಳಿನ ಗ್ರೀಸನ್ನೇ ತಿಕ್ಕುತ್ತಿದ್ದ.

"ನೀನು ಬಿದ್ದ ದಿನ ಬಾಗಿಲು ಒಡೆದವನು ನಾನು ಅಕ್ಕ. ನೀನಲ್ಲ. ಒಳಗೆ ನೀರು ಬೀಳ್ತಾನೇ ಇದೆ, ನೀನು ಮಾತಾಡ್ತಿಲ್ಲ. ಹೆಗಲು ಕೊಟ್ಟು ಕೊಟ್ಟು ಒಡೆದ್ರೆ ನೀನು ನೆಲದ ಮೇಲೆ ಬಿದ್ದಿದ್ದೆ, ತುಟಿ ನೀಲಿ. ಸತ್ತೋಗಿದ್ದೀಯ ಅಂದ್ಕೊಂಡೆ. ನೀನು ಒಬ್ಬಳೇ ಒಳಗೆ ಹೋಗೋದನ್ನ ನಾನು ಇನ್ನೊಂದ್ಸಲ ನೋಡಲಾರೆ. ಆ ಸಂದು ಇದ್ರೆ ನೀನು ಒಬ್ಬಳೇ ಹೋಗಲ್ಲ. ಅದಕ್ಕೇ ಬೇಡ ಅಂದೆ. ಬೈಕೋ ಬೇಕಾದ್ರೆ."

ಅವನ ಕಣ್ಣಲ್ಲಿ ನೀರಿತ್ತು. ಚಿಕ್ಕವನಿದ್ದಾಗ ಗುಡುಗಿಗೆ ಹೆದರಿ ಟೇಪಕ್ಕನ ಬೆನ್ನಿನ ಹಿಂದೆ ಅಡಗುತ್ತಿದ್ದವನು ಇವನೇ. ಬಾರೋ ಎಂದು ತಲೆ ಸವರಿ, ಆಯ್ತು ಬಿಡು, ನಿನ್ನ ಇಷ್ಟದಂತೆಯೇ ಆಗಲಿ ಎಂದು ಹೇಳಿಬಿಡುವುದು ಎಷ್ಟು ಸುಲಭವಿತ್ತು. ಹೇಳಿದ್ದರೆ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗುತ್ತಿದ್ದರು, ಸಂದು ಸಂದಾಗಿಯೇ ಇರುತ್ತಿತ್ತು.

"ನೀನು ಹೆದರಿದ್ದೀಯ, ನಂಗೆ ಅರ್ಥ ಆಗುತ್ತೆ" ಎಂದಳು. "ಬಿದ್ದವಳು ನಾನು, ನಂಗೂ ಹೆದರಿಕೆ ಇದೆ. ಆದ್ರೆ ನಿನ್ನ ಹೆದರಿಕೆಗೆ ನಾನು ಬಟ್ಟೆ ಬಿಚ್ಚಿ ಕೂರಬೇಕಾ? ನೀನು ನೆಮ್ಮದಿಯಾಗಿ ಡಿಪೋಗೆ ಹೋಗೋಕೆ, ನಾನು ದಿನಾ ಒಬ್ಬರ ಮುಂದೆ ಮಗು ಆಗಬೇಕಾ? ಆಗಲ್ಲ. ಇನ್ನೊಂದ್ಸಲ ಬಿದ್ರೂ ಆಗಲ್ಲ."

"ಬಿದ್ರೆ ಎತ್ತೋರು ನಾವು."

"ಎತ್ತು. ಬಿದ್ದಾಗ ಎತ್ತು. ಬೀಳೋಕ್ ಮುಂಚೆನೇ ಎತ್ಕೊಂಡು ಕೂತಿರ್ಬೇಡ."

ತಮ್ಮ ಕೈ ತೊಳೆಯದೆಯೇ ಹೊರಗೆ ಹೋದ.

ಬೆಳಿಗ್ಗೆ ಅವನು ಡಿಪೋಗೆ ಹೋಗುತ್ತಿದ್ದಂತೆ ಟೇಪಕ್ಕ ತಮ್ಮನ ಹೆಂಡತಿಗೆ ಸುತ್ತಿಗೆ ತರಲು ಹೇಳಿದಳು. "ಅಂಗಡಿಗೆ ವಾಪಸು ತಗೊಂಡ್ಹೋಗಿ ಕತ್ತರಿಸಿಕೊಂಡು ಬರ್ತೀನಿ ಅತ್ತಿಗೆ" ಎಂದಳು ಅವಳು.

"ಬೇಡ. ರಾತ್ರಿಯೆಲ್ಲ ಯೋಚನೆ ಮಾಡಿದೆ. ದೊಡ್ಡ ತುಂಡು ಸರಿಯಾಗಿ ಕೂತ್ರೂ ಇಳಿಜಾರಿಗೆ ಬಗ್ಗಲ್ಲ. ಶವರ್ ಕಡೆ ನೆಲ ತಗ್ಗು, ಈ ಕಡೆ ಎತ್ತರ. ದೊಡ್ಡ ಬಟ್ಟೆ ಭುಜದ ಮೇಲೆ ಕೂರದಿದ್ರೆ ನಾವೇನ್ ಮಾಡ್ತೀವಿ? ಚೂರು ಮಾಡಿ ಜೋಡಿಸ್ತೀವಿ. ಗೋಣಿ ಮುಚ್ಚಿ ಒಡಿ."

ತಮ್ಮನ ಹೆಂಡತಿ ಅಂಗಳದಲ್ಲಿ ಗೋಣಿಚೀಲದ ಕೆಳಗೆ ಟೈಲ್ಸು ಇಟ್ಟು ಮೊದಲ ಏಟು ಹೆದರಿಕೊಂಡೇ ಹಾಕಿದಳು. ಎರಡನೆಯದು ಕೊಂಚ ಜೋರಾಗಿ ಬಿತ್ತು. ಆಮೇಲೆ ಯಾರನ್ನು ನೆನೆಸಿಕೊಂಡು ಒಡೆದಳೋ, ಪಕ್ಕದ ಮನೆಯವಳು ಕಿಟಕಿ ತೆಗೆದು "ಏನ್ರೀ ಅದು?" ಎಂದು ಕೇಳಿದಳು. "ಏನಿಲ್ಲ" ಎಂದಳು ಇವಳು. ಅವಳ ಬಾಯಿಂದ ಅಷ್ಟು ಚಿಕ್ಕ ಉತ್ತರ ಆ ಬೀದಿ ಅಂದಿನವರೆಗೂ ಕೇಳಿರಲಿಲ್ಲ.

ಟೇಪಕ್ಕನಿಗೆ ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ಬಗ್ಗುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ. ಬೋರಲು ಮಲಗಬಹುದು, ದಿನಾ ಬೆಳಿಗ್ಗೆ ಮಲಗಬೇಕೆಂದೇ ಡಾಕ್ಟರು ಹೇಳಿದ್ದರು. ಬಚ್ಚಲಿನಲ್ಲಿ ಮಲಗಬಾರದೆಂದು ಹೇಳಿರಲಿಲ್ಲ. ಬಟ್ಟೆಯ ಗಂಟು ಇಡುವ ತಗ್ಗು ಬೆಂಚನ್ನು ಬಚ್ಚಲಿನೊಳಗೆ ತಂದು, ಮೇಲೆ ಹಾಸಿಗೆ ಮಡಚಿ ಹಾಕಿ, ಕುರ್ಚಿಯಿಂದ ಅದರ ಮೇಲೆ ಜರುಗಿ, ತಮ್ಮನ ಹೆಂಡತಿ ಕಾಲು ಹಿಡಿದು ನಿಧಾನಕ್ಕೆ ಹೊರಳಿಸಿದಾಗ ಟೇಪಕ್ಕನ ಎರಡೂ ಕೈ ನೇರ ಸಂದಿನ ಮೇಲೆ ಬಂದವು. ತಲೆ ಬಚ್ಚಲಿನಲ್ಲಿ, ಪಾದ ಬಾಗಿಲಾಚೆಯ ಹಜಾರದಲ್ಲಿ. ಕೊರಳಿನ ಟೇಪು ಜೋತುಬಿದ್ದು ಗಾರೆಗೆ ತಾಗಿತು. ಅದನ್ನು ಬೆನ್ನಿಗೆ ಎಸೆದುಕೊಂಡಳು.

ಮೊದಲು ಉಳಿಯಿಂದ ಎದ್ದಿದ್ದ ಗಾರೆಯ ಗಂಟುಗಳನ್ನು ಕೆತ್ತಿದಳು. ಪುಡಿಯನ್ನೆಲ್ಲ ಗುಡಿಸಿಸಿ, ನೀರು ಚಿಮುಕಿಸಿ ಒರೆಸಿದಳು. ತಮ್ಮನ ಹೆಂಡತಿ ಅಂಟಿನ ಪುಡಿಯನ್ನು ಗಟ್ಟಿಯಾಗಿ ಕಲಸಿ ತಂದಳು. "ನೀರು ಜಾಸ್ತಿ ಆಯ್ತಾ?" "ಇಲ್ಲ, ಸರಿಯಾಗಿದೆ. ನಿನ್ನ ಕೈಗೆ ಹದ ಗೊತ್ತು ಕಣೇ." ಕರಣೆಯಿಂದ ಅಂಟು ಹರಡಿ, ಚೂರು ಚೂರಾಗಿ ನೀಲಿಯನ್ನು ಕೂರಿಸತೊಡಗಿದಳು. ಮೂರು ಮೂಲೆಯದು, ಉದ್ದನೆಯದು, ಉಗುರಿನಷ್ಟರದು. ಮೊನಚಿನ ಅಂಚು ಕೆಳಗೆ, ತರಿಯಿರುವ ಮೈ ಮೇಲೆ. ನಡುನಡುವೆ ಸಣ್ಣ ಜಾಗ ಬಿಟ್ಟಳು, ಈ ಸಲ ಅಂಚು ಒಳಗೇ ಬಿಟ್ಟಳು. ಮೇಸ್ತ್ರಿಗಳು ಮಟ್ಟ ನೋಡುವ ರಸಮಟ್ಟ ಅವಳ ಬಳಿ ಇರಲಿಲ್ಲ. ಹೊಲಿಗೆಯ ನೂಲನ್ನು ಈಚೆಯ ಟೈಲ್ಸಿನಿಂದ ಆಚೆಯ ಟೈಲ್ಸಿಗೆ ಬಿಗಿಯಾಗಿ ಎಳೆಸಿ ಹಿಡಿಸಿ, ನೂಲಿಗೆ ತಾಗುವ ಚೂರನ್ನು ಒತ್ತಿದಳು, ತಾಗದ್ದಕ್ಕೆ ಕೆಳಗೆ ಇನ್ನಷ್ಟು ಅಂಟು ಕೊಟ್ಟಳು. ಕೊನೆಗೆ ಮರದ ಅಳತೆಪಟ್ಟಿ ಮೇಲಿಟ್ಟು ಅಂಗೈಯಿಂದ ಒತ್ತಿಕೊಂಡು ಬಂದಳು. ಕೈ ಸೋತಿತು, ಕುತ್ತಿಗೆ ಹಿಡಿಯಿತು, ಹಣೆಯ ಬೆವರು ಕಣ್ಣಿಗಿಳಿಯಿತು. ಆಪರೇಷನ್ ಆದಂದಿನಿಂದ ಅಷ್ಟು ಸಂತೋಷದ ದಿನವನ್ನು ಅವಳು ಕಂಡಿರಲಿಲ್ಲ.

ಇನ್ನೊಂದು ಮೊಳ ಉಳಿದಿರುವಾಗ ಹೊರಗೆ ಬೂಟಿನ ಸದ್ದಾಯಿತು. ತಮ್ಮ ಅರ್ಧ ದಿನಕ್ಕೇ ಡಿಪೋದಿಂದ ಬಂದಿದ್ದ. ಹಜಾರದಲ್ಲಿ ಅಕ್ಕನ ಎರಡು ಪಾದ ಕಂಡು ಅವನ ಜೀವ ಬಾಯಿಗೆ ಬಂತು. "ಅಕ್ಕಾ" ಎಂದು ಓಡಿ ಬಂದು, ಬೆಂಚು ಬಳಸಿ ಒಳಗೆ ನುಗ್ಗಿದ.

"ಬಿದ್ದಿಲ್ಲ, ಮಲಗಿದ್ದೀನಿ" ಎಂದಳು ಟೇಪಕ್ಕ, ತಲೆ ಎತ್ತದೆ. "ಅಲ್ಲೇ ನಿಲ್ಲು. ಅಂಟು ಹಸಿ ಇದೆ."

ಅವನ ಬೂಟು ನೀಲಿ ಚೂರುಗಳಿಗೆ ಒಂದು ಬೆರಳು ದೂರದಲ್ಲಿತ್ತು. ಭಯ ಇಳಿದ ಮೇಲೆ ಅವನ ಮುಖಕ್ಕೆ ಕೋಪ ಏರಿತು. ಒಂದೇ ಒಂದು ಹೆಜ್ಜೆ ಇಟ್ಟಿದ್ದರೆ ಇಡೀ ದಿನದ ಕೆಲಸ ಕೆಸರಾಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಅವನ ಹೆಂಡತಿ ನೂಲು ಹಿಡಿದವಳು ಹಿಡಿದಂತೆಯೇ ಇದ್ದಳು.

"ಇದನ್ನ ಕಿತ್ತು ಹಾಕಿದ್ರೆ ಏನ್ ಮಾಡ್ತೀಯ?" ಎಂದ ತಮ್ಮ.

"ಮತ್ತೆ ಹಾಕ್ತೀನಿ."

"ಮತ್ತೆ ಕಿತ್ರೆ?"

"ಮತ್ತೆ ಹಾಕ್ತೀನಿ. ಬೀದಿಯಲ್ಲಿ ಟೈಲ್ಸ್ ಅಂಗಡಿ ಇರೋವರೆಗೆ ಹಾಕ್ತೀನಿ. ತುಳಿ ನೋಡೋಣ."

ಅವನು ಹೆಂಡತಿಯ ಕಡೆ ನೋಡಿದ. "ನೀನಾದ್ರೂ ಹೇಳಬಾರ್ದಾ?"

"ಏನ್ ಹೇಳ್ಲಿ? ಸ್ವಲ್ಪ ಪಕ್ಕಕ್ಕೆ ಹೋಗ್ರಿ, ನೂಲಿಗೆ ಬೆಳಕು ಬರ್ತಿಲ್ಲ."

ಅವನು ಬಂದ ದಾರಿಯಲ್ಲೇ, ಬೆಂಚಿಗೆ ತಾಗದಂತೆ ಹುಷಾರಾಗಿ ಹಿಂದೆ ಹೋದ. ಅಂದೂ ಮರುದಿನವೂ ಬಚ್ಚಲಿಗೆ ನೀರು ಬೀಳುವಂತಿರಲಿಲ್ಲ. ಮನೆಯ ಯಜಮಾನರು ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗಬೇಕಾಯಿತು. ಯಾಕೆ ಎಂದು ಅಲ್ಲಿ ಕೇಳಿದ್ದಕ್ಕೆ "ರಿಪೇರಿ" ಎಂದಷ್ಟೇ ಹೇಳಿದನಂತೆ.

ಅಂಟು ಗಟ್ಟಿಯಾದ ಮೇಲೆ ಚೂರುಗಳ ನಡುವೆ ಬಿಳಿ ಪುಡಿ ಕಲಸಿ ತುಂಬಿ ಒರೆಸಿದರು. ಅದೂ ಒಣಗಿತು. ಬಿಸ್ಕತ್ತಿನ ಬಣ್ಣದ ನೆಲದ ನಡುವೆ ನೀಲಿ ಪಟ್ಟಿ ಕಣ್ಣಿಗೆ ಹೊಡೆಯುವಂತಿತ್ತು. ಚಂದ ಎಂದು ಯಾರೂ ಹೇಳಲಿಲ್ಲ. ತಮ್ಮನ ಹೆಂಡತಿ ಒಂದು ಚೆಂಬು ನೀರು ಸುರಿದಳು. ನೀರು ನೀಲಿಯ ಮೇಲೆ ನಿಲ್ಲದೆ ಹರಿದು ಶವರಿನ ಕೆಳಗಿನ ತೂತಿಗೆ ಹೋಯಿತು. ಖಾಲಿ ಕುರ್ಚಿಯನ್ನು ತಳ್ಳಿದಳು. ಚಕ್ರ ಸಣ್ಣಗೆ ಗರಗರ ಎಂದು ಆಚೆ ದಾಟಿತು.

ಆ ಸಂಜೆ ಟೇಪಕ್ಕ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಟವೆಲು ಇಟ್ಟುಕೊಂಡು ಬಚ್ಚಲಿನ ಮುಂದೆ ಬಂದಾಗ ತಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಿದ್ದ. ಹೊಸ ಬಾಗಿಲಿಗೆ ಅವನು ಒಳಗಿನ ಚಿಲಕ ಹಾಕಿಸಿರಲಿಲ್ಲ.

"ಬಾಗಿಲು ತೆಗೆದಿಟ್ಕೋ. ನಾನು ಈ ಕಡೆ ತಿರುಗಿ ನಿಂತಿರ್ತೀನಿ."

"ಮುಚ್ಚುತ್ತೀನಿ."

"ಹಾಗಾದ್ರೆ ನಾನು ಕೂಗ್ದಾಗೆಲ್ಲ ಓ ಅನ್ನು. ಓ ಅನ್ನದಿದ್ರೆ ಒಳಗೆ ಬಂದ್ಬಿಡ್ತೀನಿ. ಮೊದ್ಲೇ ಹೇಳಿದ್ದೀನಿ."

ಅವಳು ಅವನ ಕೈ ಸರಿಸಿ ಒಳಗೆ ಹೋಗಿ ಬಾಗಿಲು ಹಾಕಿದಳು. ಬಟ್ಟೆ ತೆಗೆದು ಮೊಳೆಗೆ ಸಿಕ್ಕಿಸಿದಳು. ಒಳ್ಳೆಯ ಕಾಲಿನಿಂದ ನೆಲ ಒತ್ತಿ ತಳ್ಳಿದಾಗ ಕುರ್ಚಿ ನೀಲಿ ಪಟ್ಟಿಯ ಮೇಲೆ ಹಾದು ಶವರಿನ ಕೆಳಗೆ ಬಂತು. ಹಿಡಿಕೆ ಹಿಡಿದು ನಲ್ಲಿ ತಿರುಗಿಸಿದಳು. ಬಿಸಿನೀರು ತಲೆಯ ಮೇಲೆ, ಹೆಗಲ ಮೇಲೆ, ಆ ಉದ್ದನೆಯ ಗಾಯದ ಮೇಲೆ ಇಳಿಯಿತು. ಯಾರ ಕೈಯೂ ಇರಲಿಲ್ಲ, ಯಾರ ಮಾತೂ ಇರಲಿಲ್ಲ. ತೊಡೆ ಕಡ್ಡಿಯೇ ಆಗಿತ್ತು, ನಿಜ. ಆದರೂ ಅದು ತನ್ನದೇ ತೊಡೆ ಎಂದು ಅವಳು ಅದನ್ನು ಅಂಗೈಯಿಂದ ಉಜ್ಜಿದಳು.

"ಅಕ್ಕ" ಎಂದು ಹೊರಗಿನಿಂದ ಕೂಗು ಬಂತು.

"ಓ."

ಸ್ವಲ್ಪ ಹೊತ್ತಿಗೆ ಮತ್ತೆ. "ಅಕ್ಕ."

"ಓ."

ಮೂರನೆಯ ಸಲ ಕೂಗಿದಾಗ ಟೇಪಕ್ಕ ಓ ಅನ್ನಲು ಬಾಯಿ ತೆರೆದವಳು ನಿಲ್ಲಿಸಿದಳು. ಹೀಗೆ ಓ ಅನ್ನುತ್ತಾ ಹೋದರೆ ನಾಳೆಯೂ ಅನ್ನಬೇಕು, ನಾಡಿದ್ದೂ ಅನ್ನಬೇಕು. ಬಾಗಿಲು ಹಾಕಿದ್ದೂ ಒಂದೇ, ತೆಗೆದಿಟ್ಟಿದ್ದೂ ಒಂದೇ. ಅವಳು ತುಟಿ ಬಿಗಿದುಕೊಂಡಳು.

"ಅಕ್ಕಾ, ಕೇಳಿಸ್ತಾ?"

ನೀರು ಬೀಳುತ್ತಿತ್ತು. ಬಾಗಿಲ ಕೆಳಗಿನ ಬೆಳಕಿನಲ್ಲಿ ಅವನ ಎರಡು ಪಾದಗಳ ನೆರಳು ಹತ್ತಿರ ಬಂತು. ಬಾಗಿಲಿನ ಹಿಡಿ ಅರ್ಧ ತಿರುಗಿತು. ಅವನಿಗೆ ಆ ಬೇಸಿಗೆಯ ದಿನವೇ ಕಣ್ಣ ಮುಂದೆ ಬಂದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದೇ ಅಕ್ಷರ ಹೇಳಿದರೆ ಅವನು ಉಸಿರು ಬಿಡುತ್ತಾನೆ. ಅವಳು ಹೇಳಲಿಲ್ಲ. ಟವೆಲಿಗೆ ಕೈ ಚಾಚಲೂ ಇಲ್ಲ. ಬೆನ್ನು ನೆಟ್ಟಗೆ ಮಾಡಿ, ಬಾಗಿಲಿನ ಕಡೆಗೇ ಮುಖ ಮಾಡಿ ಕೂತಳು.

ಹಿಡಿ ತಿರುಗಿದಷ್ಟಕ್ಕೇ ನಿಂತಿತ್ತು. ಆಮೇಲೆ ಅದು ನಿಧಾನವಾಗಿ ಹಿಂದಕ್ಕೆ ಬಂತು. ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ ಸದ್ದು ಕೇಳಿಸಿತು.

"ನಿಧಾನಕ್ಕೆ ಮಾಡ್ಕೋ ಅಕ್ಕ" ಎಂದ. ಮತ್ತೆ ಕೂಗಲಿಲ್ಲ.

ಟೇಪಕ್ಕನ ಸ್ನಾನ ಅಷ್ಟು ಹೊತ್ತಿಗೆ ಮುಗಿದೇ ಹೋಗಿತ್ತು. ಅವಳು ಸೋಪು ಕೈಗೆತ್ತಿಕೊಂಡು ಇನ್ನೊಮ್ಮೆ ಮೊದಲಿನಿಂದ ಶುರುಮಾಡಿದಳು.